ಅರಬಸ್ತಾನದ ಗಿಡ, ಖಾನಾಪುರದ ಮುಳ್ಳು

ಬೆಳಗಾವಿಯ ಠಳಕವಾಡಿಯಲ್ಲಿ ವಕೀಲ ಬಿಂದುಮಾಧವರಾಯರ ಮನೆಯ ಬಾಗಿಲಿಗೆ ಆಚೆಗೊಂದು ಈಚೆಗೊಂದು ಎರಡು ಎತ್ತರದ ಗಿಡಗಳಿದ್ದವು. ರಾಯರು ಅವನ್ನು ಖರ್ಜೂರ ಎನ್ನುತ್ತಿದ್ದರು. ಊರು ಸಿಂದಿ ಎನ್ನುತ್ತಿತ್ತು. ಹಳ್ಳದ ದಂಡೆಗೆ ಯಾರೂ ನೆಡದೆ ಬೆಳೆಯುವ, ಹೆಂಡ ಇಳಿಸುವ ಅದೇ ಈಚಲು, ಬೇರೇನಲ್ಲ. ಆದರೆ ರಾಯರ ಎದುರಿಗೆ ಹಾಗೆನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ, ಯಾಕೆಂದರೆ ಅರ್ಧ ಊರಿನ ಜಗಳದ ಕಾಗದ ಅವರ ಕಪಾಟಿನಲ್ಲಿ ಕೂತಿತ್ತು.

ಸಸಿಗಳನ್ನು ಕೊಂಡವರು ರಾಯರ ತಂದೆ. ದಂಡಿನ ಕ್ಯಾಂಪಿಗೆ ಕುದುರೆ ಮಾರಲು ಬಂದ ಒಬ್ಬ ಅರಬ, ಕುದುರೆಯ ಜೊತೆಗೆ ಇವನ್ನೂ ಮಾರಿ ಹೋಗಿದ್ದ. ಮುದುಕರು ಸಾಯುವ ದಿನ ಕೂಡ ಮಗನನ್ನು ಹತ್ತಿರ ಕರೆದು, "ಹಣ್ಣ ಬಂತೇನೋ?" ಎಂದು ಕೇಳಿದ್ದರು. "ಈ ವರ್ಷ ಬರತಾವ, ಅಪ್ಪಾ," ಎಂದು ಮಗ ಹೇಳಿದ್ದ. ಬಂದದ್ದು ಬರೀ ಬೀಜಕ್ಕೆ ಅಂಟಿದ ಸಿಪ್ಪೆ. ಇಲ್ಲಿಯ ನೀರು ಒಗ್ಗಿಲ್ಲ ಎಂದು ರಾಯರು ಸಮಜಾಯಿಷಿ ಕೊಟ್ಟುಕೊಂಡರು. ಮನೆಗೆ ಬಂದವರೆಲ್ಲ ಗಿಡದ ಕೆಳಗೆ ನಿಂತು ಅರಬಸ್ತಾನದ ಕಥೆ ಕೇಳಿದ ಮೇಲೆಯೇ ಒಳಗೆ ಚಹಾ ಸಿಗುತ್ತಿತ್ತು.

ಇಂಥ ರಾಯರೇ ಪಾನನಿಷೇಧ ಸಂಘದ ಅಧ್ಯಕ್ಷರು ಬೇರೆ. ಪರದೇಶಿ ಬಟ್ಟೆ ಸುಡುವ ಗದ್ದಲ ಊರೂರಲ್ಲಿ ಎದ್ದಾಗ, ತಾವೂ ಏನಾದರೂ ಸುಡಬೇಕೆಂದು ಅವರಿಗೆ ಬಹಳ ಅನ್ನಿಸಿತು. ಖಾನಾಪುರದ ಸಂತೆಯ ಬಯಲಿಗೆ ಸುತ್ತಲಿನ ಹೆಂಡ ಇಳಿಸುವವರನ್ನೆಲ್ಲ ಕರೆಸಿ, ಅವರು ಗಿಡ ಹತ್ತುವ ಹಗ್ಗದ ಬಳೆ, ಸೊಂಟದ ಪಟ್ಟಿ, ಕಾಲಿನ ಕುಣಿಕೆ ಎಲ್ಲವನ್ನೂ ಗುಡ್ಡೆ ಹಾಕಿಸಿ ಬೆಂಕಿ ಕೊಟ್ಟರು. ಮೊದಲು ಹಗ್ಗ ಎಸೆದವನು ಗುಂಜಿ ಹಳ್ಳಿಯ ಮೈಲಾರಲಿಂಗ. ರಾಯರು ಅವನಿಗೆ ಶಾಲು ಹೊದಿಸಿ, "ಇವತ್ತಿನಿಂದ ನೀ ನಮ್ಮ ತಮ್ಮ ಇದ್ದಂಗ. ನಿನಗ ನೌಕರಿ ಕೊಡಸೂದು ನನಗ ಹತ್ತಿತು," ಎಂದು ಜನರೆದುರು ಮಾತು ಕೊಟ್ಟರು. ಆಮೇಲೆ ಸಭೆ ಆದಾಗಲೆಲ್ಲ ಈ ತಮ್ಮನನ್ನು ರೈಲಿನಲ್ಲಿ ಕರೆಸಿ, ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸುತ್ತಿದ್ದರು. ಸಭೆ ಮುಗಿದ ಮೇಲೆ ಶಾಲು ಕಪಾಟಿಗೆ, ತಮ್ಮ ಗುಂಜಿಗೆ. ನೌಕರಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆ ಮಾಗಿಯಲ್ಲಿ ಸಂಘದ ಜಿಲ್ಲಾ ಪರಿಷತ್ತು ರಾಯರ ಅಂಗಳದಲ್ಲೇ ನಡೆಯುವುದೆಂದು ನಿಶ್ಚಯವಾಯಿತು. ಪುಣೆಯಿಂದ ಮುಖಂಡ ಕೃಷ್ಣಾಜಿಪಂತರು ಬರುವವರಿದ್ದರು. ಇಡೀ ಜಿಲ್ಲೆಯ ಅಧ್ಯಕ್ಷಗಿರಿ ಯಾರಿಗೆಂದು ಅಂದೇ ಸಾರುವವರಿದ್ದರು. ರಾಯರಿಗೆ ಆ ಖುರ್ಚಿ ಬೇಕಾಗಿತ್ತು. ಊಟದಲ್ಲಿ, ಸ್ನಾನದಲ್ಲಿ, ಕೋರ್ಟಿನಲ್ಲಿ ಕಕ್ಷಿದಾರ ಅಳುತ್ತಿದ್ದಾಗಲೂ ಅವರ ಕಣ್ಣೆದುರು ಅದೇ ಖುರ್ಚಿ.

ವೇದಿಕೆ ಎರಡು ಗಿಡಗಳ ನಡುವೆಯೇ ಆಗಬೇಕು, ಫೋಟೋದಲ್ಲಿ ಖರ್ಜೂರ ಬೀಳಬೇಕು. ಆದರೆ ವರ್ಷಗಟ್ಟಲೆ ಸವರದ ಗಿಡಗಳ ಕೊರಳ ಸುತ್ತ ಒಣಗಿದ ಮುಳ್ಳುಗರಿಗಳು ಜೋತುಬಿದ್ದಿದ್ದವು. ಹಿಂದಿನ ತಿಂಗಳು ಒಂದು ಗರಿ ಬಿದ್ದು ಟಪಾಲಿನವನ ತಲೆಯ ರುಮಾಲು ಹರಿದಿತ್ತು. ಪಂತರ ತಲೆಯ ಮೇಲೆ ಬಿದ್ದರೆ?

ಹೆಂಡತಿ ಗಂಗೂಬಾಯಿ ಸೌತೆಕಾಯಿ ಹೆಚ್ಚುತ್ತ ಹೇಳಿದಳು: "ಮೈಲಾರಲಿಂಗನ್ನ ಕರೀರಿ. ಒಂದ ತಾಸಿನ ಕೆಲಸ."

"ಸಿಂದಿ ಹತ್ತೂ ಹಗ್ಗಾ ಖರ್ಜೂರಕ್ಕ ಹಾಕಸ್ಲೇನು? ನೋಡಿದವ್ರು ಏನಂದಾರು? ಮ್ಯಾಲ ಆ ಹಗ್ಗಾ ನಾನ ಸುಟ್ಟೇನಿ."

"ಹಂಗಾದ್ರ ನೀವ ಹತ್ರಿ," ಎಂದಳು ಗಂಗೂಬಾಯಿ.

ರಾಯರು ಸಂಘದ ಸಭೆ ಕರೆದರು. ಗಿಡ ಹತ್ತುವುದಕ್ಕೆ ಮರ್ಯಾದಸ್ಥ ಸಾಧನ ಯಾವುದು ಎಂಬುದೇ ವಿಷಯ. ನಿಚ್ಚಣಿಕೆ ಎಂದರು ಒಬ್ಬರು. ಬೆಳಗಾವಿಯ ಯಾವ ನಿಚ್ಚಣಿಕೆಯೂ ಗಿಡದ ಸೊಂಟಕ್ಕಿಂತ ಮೇಲೆ ಮುಟ್ಟಲಿಲ್ಲ. ತಾಲೀಮಿನ ಉಸ್ತಾದ ಮಾರ್ತಾಂಡ, ಮೀಸೆಗೆ ಬೆಣ್ಣೆ ಹಚ್ಚುವ ಜಟ್ಟಿ, ನಾಟಕ ಕಂಪನಿಯವರು ದೇವರನ್ನು ಆಕಾಶಕ್ಕೆ ಎಳೆಯುವ ರಾಟಿ ತರೋಣ ಎಂದ. ಎಲ್ಲರೂ ಭಲೇ ಎಂದರು. ಆ ರಾಟಿಯನ್ನು ಗಿಡದ ತುದಿಗೆ ಕಟ್ಟಲು ಮೊದಲು ಯಾರು ಹತ್ತಬೇಕು ಎಂದು ಯಾರೋ ಕೇಳಿದ ಮೇಲೆ ಭಲೇ ನಿಂತಿತು.

ಆಗ ರಾಯರು ಮುಂಬಯಿಯ ಒಂದು ಕ್ಯಾಟಲಾಗು ಬಿಚ್ಚಿದರು. ಅದರಲ್ಲೊಬ್ಬ ಸಾಹೇಬ, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿ, ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದು, ತಾರಿನ ಕಂಬದ ಮೇಲೆ ಪೈಪು ಸೇದುತ್ತ ನಿಂತಿದ್ದ. "ಇದು ಶಾಸ್ತ್ರೀಯ!" ಎಂದರು ರಾಯರು. ಅವರಿಗೆ ಆ ಚಿತ್ರದ ಮೇಲೆ ಮೋಹ ಹುಟ್ಟಿಬಿಟ್ಟಿತ್ತು.

"ವಿಲಾಯತಿ ಮಾಲು ರೀ," ಎಂದ ಮಾರ್ತಾಂಡ. "ಖಾದಿ ಉಟ್ಟು ವಿಲಾಯತಿ ಮುಳ್ಳು ಕಟ್ಟಕೊಂಡ್ರ ನಗತಾರ."

"ನಮ್ಮ ಕಮ್ಮಾರಗ ಹೇಳಿ ಸ್ವದೇಶಿ ಮಾಡಸೂಣು!"

"ಚರ್ಮದ ಪಟ್ಟಿಗೆ ನಂದು ಒಪ್ಪಿಗಿ ಇಲ್ಲ," ಎಂದರು ಅಹಿಂಸೆ ಪಾಲಿಸುವ ಜೈನರು, ಅರಳೆ ವ್ಯಾಪಾರದ ಜಿನಪಾಲ ಚೌಗುಲೆ. "ಹಗ್ಗಾ ಹಾಕ್ರಿ ಬೇಕಾದ್ರ."

ಹಗ್ಗ ಎಂದೊಡನೆ ಎಲ್ಲರೂ ಹೌಹಾರಿದರು. ಹಗ್ಗವೆಂದರೆ ಹೆಂಡದವರ ಸಾಮಾನು. ಕೊನೆಗೆ ಸೊಂಟಕ್ಕೆ ಖಾದಿಯ ಪಟ್ಟಿ, ಕಾಲಿಗೆ ಸ್ವದೇಶಿ ಮುಳ್ಳು ಎಂದು ಠರಾವಾಯಿತು. ಗಟ್ಟಿಯಾದದ್ದನ್ನೆಲ್ಲ ಒಂದೊಂದು ತತ್ವಕ್ಕಾಗಿ ತೆಗೆದುಹಾಕಿ, ಉಳಿದದ್ದನ್ನು ಸರ್ವಾನುಮತದಿಂದ ಆರಿಸಿದರು. ಹತ್ತುವವನು ಮಾರ್ತಾಂಡ. ಮಲ್ಲಕಂಬದ ಮೇಲೆ ತಲೆಕೆಳಗಾಗಿ ನಿಲ್ಲುವವನಿಗೆ ಇದೇನು ಮಹಾ!

ರಾಯರು ಖುದ್ದಾಗಿ ರೈಲು ಹತ್ತಿ ಖಾನಾಪುರಕ್ಕೆ ಹೋದರು. ಅಲ್ಲಿಯ ಕಮ್ಮಾರ ಸಿದರಾಯ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ವಕೀಲರ ಕೆಲಸ, ಸಣ್ಣದು ಮಾಡಿದರೆ ತನ್ನ ಮಾನವೇ ಹೋದೀತೆಂದು ನೇಗಿಲಿನ ಕುಳದಷ್ಟು ಉದ್ದದ ಮುಳ್ಳು ಬಡಿದುಕೊಟ್ಟ. "ಹುಲಿ ಉಗುರು ಇದ್ದಂಗ ಅದಾವ್ರಿ!" ಎಂದ. ರಾಯರಿಗೆ ಹಿಗ್ಗೇ ಹಿಗ್ಗು.

ಮಾರ್ತಾಂಡ ಗಿಡಕ್ಕೆ ಕೈಮುಗಿದು ಮೊದಲ ಮುಳ್ಳು ಊರಿದ. ಊರಿದ ಮುಳ್ಳು ಹೊರಗೆ ಬರಬೇಕಲ್ಲ! ಎರಡೂ ಕೈಯಿಂದ ಕಾಲು ಕಿತ್ತು ಮತ್ತೊಂದು ಊರಿದ. ಹೀಗೆ ಊರುತ್ತ, ಕೀಳುತ್ತ, ಅರಬನ ಏಳು ತಲೆಮಾರಿಗೂ ಮಂತ್ರ ಹೇಳುತ್ತ ತುದಿ ಮುಟ್ಟುವ ಹೊತ್ತಿಗೆ ಗಿಡದ ಮೈತುಂಬ ತೂತು. ಒಣಗರಿ ಕಡಿದು ಬಿಸಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಕೆಳಗೆ ರಾಯರು ಅರಬಸ್ತಾನದ ಒಂದು ಚಿತ್ರ ಹಿಡಿದು ನಿಂತಿದ್ದರು.

"ಇನ್ನೂ ಕೆತ್ತೋ! ಅಲ್ಲೆ ಕೊರಳ ಹಿಂಗಿರೂದಿಲ್ಲ, ಬೋಳ ಇರತದ! ಎಡಕ್ಕ! ಇನ್ನೂ ಒಳಗ!"

ಮಾರ್ತಾಂಡ ಸಿಟ್ಟಿನಿಂದ ಹಸಿಗರಿಯನ್ನೂ ಕಡಿದ, ಬಿಳಿ ತಿರುಳು ಕಾಣುವ ತನಕ ಕೆತ್ತಿದ. ಅಷ್ಟರಲ್ಲಿ ಖಾದಿಯ ಪಟ್ಟಿ ಪರ್ರೆಂದಿತು. ಉಸ್ತಾದರು ಗಿಡವನ್ನು ಅಪ್ಪಿಕೊಂಡು ಸರ್ರನೆ ಕೆಳಗಿಳಿದರು. ಎದೆಯ ತೊಗಲು ದಾರಿಯಲ್ಲೇ ಉಳಿಯಿತು. ಅರಿಶಿನ ಬಳಿಸಿಕೊಂಡು ಮನೆಗೆ ಹೋದವರು ಎರಡನೆಯ ಗಿಡದ ಹೆಸರೆತ್ತಿದರೆ ಹೊಡೆಯಲು ಕಲ್ಲು ಹುಡುಕುತ್ತಿದ್ದರು. ಆ ಗಿಡ ಹಾಗೇ ಉಳಿಯಿತು. ಒಂದು ಬೋಳು, ಒಂದು ಜಟಾಧಾರಿ. ವೇದಿಕೆಯನ್ನು ಬೋಳಿನ ಬುಡಕ್ಕೆ ಸರಿಸಿದರು.

ಮರುದಿನ ಬೆಳಿಗ್ಗೆ ಬೋಳುಗಿಡದ ಮೈ ಒದ್ದೆ. ಕೆತ್ತಿದ ಕೊರಳಿಂದ ರಸ ಇಳಿದು, ತೂತಿಂದ ತೂತಿಗೆ ಹರಿದು, ಗಂಗೂಬಾಯಿಯ ರಂಗೋಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಕೆಳಗಿನ ತೂತಿಗೊಂದು ಎಲೆ ಸಿಕ್ಕಿಸಿ ತಾಮ್ರದ ಕೊಡ ಇಟ್ಟಳು. ರಾಯರು ಬೆರಳದ್ದಿ ನೆಕ್ಕಿದರು. ಸಿಹಿ. ಬೆಲ್ಲದ ನೀರಿನ ಹಾಗೆ, ಹಿಂದೊಂದು ಬೇರೆಯೇ ವಾಸನೆ. ಅವರು ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ಶಾಲೆಯಲ್ಲಿದ್ದಾಗ ಒಬ್ಬ ಗೆಳೆಯ 'ನಿಮ್ಮಪ್ಪ ಟೋಪಿ ಹಾಕಿಸಿಕೊಂಡಾನ, ಅದು ಸಿಂದಿ' ಎಂದಿದ್ದ. ಅವನ ಹಲ್ಲು ಮುರಿದಿದ್ದರು ರಾಯರು. ಹಲ್ಲು ಮುರಿದ ಕೈಗೆ ಆಗಲೇ ಗೊತ್ತಿತ್ತು, ಗೆಳೆಯ ಹೇಳಿದ್ದು ಖರೇ ಎಂದು.

"ಏನದು?" ಎಂದಳು ಗಂಗೂಬಾಯಿ.

"ಖರ್ಜೂರದ ರಸ," ಎಂದು ರಾಯರು ಒಳಗೆ ಹೋದರು.

ಪರಿಷತ್ತಿನ ದಿನ ಗಡಿಬಿಡಿಯಲ್ಲಿ ಕೊಡದ ನೆನಪು ಯಾರಿಗೂ ಆಗಲಿಲ್ಲ. ಬಿಸಿಲೇರಿತು. ಪಂತರು ಮದ್ಯರಾಕ್ಷಸನ ಮೇಲೆ ಗುಡುಗುತ್ತಿದ್ದರು. ಮುಂದಿನ ಸಾಲಿನಲ್ಲಿ ಖಾನಾಪುರದಿಂದ ಕರೆತಂದ, ಆಣೆ ಮಾಡಿ ಹೆಂಡ ಬಿಟ್ಟ ಮಂದಿ ಕೂತಿದ್ದರು. ಮೊದಲು ಅವರ ಮೂಗುಗಳು ಎದ್ದವು. ಆಮೇಲೆ ಕಣ್ಣು. ವೇದಿಕೆಯ ಬಾಜುವಿನಲ್ಲಿ ತಾಮ್ರದ ಕೊಡ ಬೆಳ್ಳಗೆ ನೊರೆಗಟ್ಟಿ, ಬುಸಬುಸನೆ ಉಕ್ಕುತ್ತಿತ್ತು.

ಸಭೆಯ ಮೇಲೆ ಕಣ್ಣಿಡಲು ಬಾಗಿಲಲ್ಲಿ ನಿಂತಿದ್ದ ಅಬಕಾರಿ ಇನ್ಸ್‌ಪೆಕ್ಟರರು ಬಂದರು, ಬಗ್ಗಿ ಮೂಸಿದರು. "ವಕೀಲ ಸಾಹೇಬ್ರ, ಇದಕ್ಕ ಪರವಾನಗಿ ಐತೇನ್ರಿ?"

ಸಭೆಯೆಲ್ಲ ರಾಯರತ್ತ ತಿರುಗಿತು. ದೇಶಕ್ಕಾಗಿ ಜೈಲಿಗೆ ಹೋದರೆ ಹಾರ ಹಾಕುತ್ತಾರೆ. ಹೆಂಡ ಇಳಿಸಿ ಜೈಲಿಗೆ ಹೋದ ಪಾನನಿಷೇಧದ ಅಧ್ಯಕ್ಷನಿಗೆ ಏನು ಹಾಕುತ್ತಾರೆ?

"ಇದು ಸಿಂದಿ ಅಲ್ಲ!" ಎಂದರು ರಾಯರು, ದನಿ ಬಿರಿಯುವಂತೆ. "ಖರ್ಜೂರ. ಅರಬಸ್ತಾನದ್ದು. ನಮ್ಮ ತಂದೆಯವರು ಹಚ್ಚಿದ್ದು."

ಪಂತರು ಕನ್ನಡಕ ಸರಿಮಾಡಿಕೊಂಡರು. "ಅಂದ್ರ ನಿರ್ದೋಷ ಪೇಯ. ಛಲೋ ಆತು. ಎಲ್ಲಾರ ಎದುರಿಗೆ ಒಂದ ತಂಬಿಗಿ ಕುಡದ ತೋರಸ್ರಿ, ಸಂಶಯ ಹೋಗಲಿ."

ರಾಯರು ಜಟಾಧಾರಿ ಗಿಡವನ್ನು ನೋಡಿದರು, ಖುರ್ಚಿಯನ್ನು ನೋಡಿದರು. ತಂಬಿಗೆ ಎತ್ತಿ ಗಟಗಟನೆ ಕುಡಿದರು. ಮುಂದಿನ ಸಾಲಿನ ಗಂಟಲುಗಳೆಲ್ಲ ಅವರ ಗಂಟಲಿನ ಜೊತೆಗೇ ಏರಿ ಇಳಿದವು. ಹುಳಿ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. "ಖರ್ಜೂರನ," ಎಂದರು.

ಶಾಲು ಹೊದ್ದು ಕೂತಿದ್ದ ಮೈಲಾರಲಿಂಗ ಎದ್ದು ಕೈಮುಗಿದ. "ಸಾಹೇಬ್ರ, ಸಿಂದಿ ಮುಟ್ಟೂದಿಲ್ಲಂತ ನಿಮ್ಮ ಪಾದದ ಮ್ಯಾಲ ಆಣಿ ಮಾಡೇನಿ. ಖರ್ಜೂರಕ್ಕ ಆಣಿ ಇಲ್ಲಲ್ರಿ?"

ಅವನು ವೇದಿಕೆಯಿಂದ ಇಳಿದು ಕೊಡದ ಹತ್ತಿರ ಬಂದ. ಮೈಲಾರಲಿಂಗ ತಂಬಿಗೆ ಮುಳುಗಿಸಿ ಕುಡಿದು, ಶಾಲಿನಿಂದ ಮೀಸೆ ಒರೆಸಿಕೊಂಡ. "ಹೌದ್ರೆಪಾ, ಖರ್ಜೂರನ! ನಮ್ಮ ಗುಂಜ್ಯಾಗ ಹಳ್ಳದ ದಂಡಿ ತುಂಬ ಇಂಥಾ ಖರ್ಜೂರ ಅದಾವು. ನಾವು ಹುಚ್ಚರು ಸಿಂದಿ ಅಂತ ತಿಳದು ಬಿಟ್ಟ ಕೊಟ್ಟಿದ್ವಿ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಣೆ ಮಾಡಿದವರು ಸಾಲುಗಟ್ಟಿ ಕೊಡದ ಮುಂದೆ ನಿಂತರು. ಇನ್ಸ್‌ಪೆಕ್ಟರರು ನಗು ತಡೆಯಲಾರದೆ ಬಾಗಿಲ ಹೊರಗೆ ಹೋದರು. ಪಂತರು ಮಾತ್ರ ನಗಲಿಲ್ಲ. ಅಧ್ಯಕ್ಷಗಿರಿಯನ್ನು ಜಿನಪಾಲ ಚೌಗುಲೆಯವರಿಗೆ ಕೊಟ್ಟೆನೆಂದು ಹೇಳಿ, ಟಾಂಗಾ ಹತ್ತಿ ಸ್ಟೇಶನ್ನಿಗೆ ಹೋದರು.

ಅಂಗಳ ಬರಿದಾದ ಮೇಲೆ ರಾಯರು ವೇದಿಕೆಯ ಅಂಚಿಗೆ ಕೂತರು. ತಲೆ ಗಿರ್ರೆನ್ನುತ್ತಿತ್ತು. ಖಾಲಿ ಕೊಡ ಎತ್ತಲು ಗಂಗೂಬಾಯಿ ಬಂದಳು.

"ಗಂಗೂ, ಅದು ಸಿಂದಿನ ಅದ," ಎಂದರು ರಾಯರು.

"ನನಗ ಗೊತ್ತದ. ಮಾವನವ್ರಿಗೂ ಗೊತ್ತಿತ್ತು."

"ಅಪ್ಪಗ?"

"ಅರಬ ಊರು ದಾಟೂದ್ರಾಗ ಗೊತ್ತಾಗಿತ್ತಂತ. ಮಗಾ ಓಣಿ ತುಂಬ ಖರ್ಜೂರ ಖರ್ಜೂರ ಅಂತ ಹೇಳಿಕೋತ ತಿರಗತಾನ, ಅವನ ಮನಸ್ಸ ಹೆಂಗ ಮುರೀಲಿ ಅಂತಿದ್ರು ನನ್ನ ಮುಂದ."

ರಾಯರು ಅತ್ತರು. ಕುಡಿದದ್ದಕ್ಕೋ ಅಪ್ಪನಿಗೋ ಅವರಿಗೇ ತಿಳಿಯಲಿಲ್ಲ. ತಲೆ ಎತ್ತಿದಾಗ ಮೈಲಾರಲಿಂಗ ಎದುರಿಗಿದ್ದ. ಶಾಲನ್ನು ನೀಟಾಗಿ ಮಡಚಿ ಅವರ ಬದಿಗಿಟ್ಟ.

"ಇದು ನಿಮ್ಮ ಕಪಾಟಿಂದು ರೀ. ನೌಕರಿ ಅಂತೂ ಕೊಡಸಲಿಲ್ಲ. ನನ್ನ ಹಗ್ಗಾ ನನಗ ಕೊಡ್ರಿ."

"ಸುಟ್ಟೇನಲ್ಲೋ. ಪ್ಯಾಟ್ಯಾಗ ಸಿಗತದೇನು?"

"ಗಿಡಾ ಹತ್ತೂ ಹಗ್ಗಾ ಪ್ಯಾಟ್ಯಾಗ ಸಿಗೂದಿಲ್ರಿ. ಹೊಸೀಬೇಕು. ನಾರು ತರತೇನಿ, ಹೊಸಿಯೂದು ನಂದು. ಇನ್ನೊಂದ ತುದಿ ಯಾರರೆ ಹಿಡೀಬೇಕು. ನನ್ನ ಹೇಣ್ತಿ ಹಿಡೀತಿದ್ಲು. ಹಗ್ಗಾ ಸುಟ್ಟ ಮ್ಯಾಲ ಕೂಲಿ ಇಲ್ಲಂತ ತವರಿಗೆ ಹೋಗ್ಯಾಳ."

ಮರುದಿನ ಕೋರ್ಟಿಗೆ ಹೊರಟ ವಕೀಲರು, ಗುಮಾಸ್ತರು, ತರಕಾರಿಯವರು ಎಲ್ಲರೂ ರಾಯರ ಬಾಗಿಲಲ್ಲಿ ಒಂದು ಗಳಿಗೆ ನಿಂತೇ ಮುಂದೆ ಹೋದರು. ಬೋಳುಗಿಡದ ಬುಡದಲ್ಲಿ ಮೈಲಾರಲಿಂಗ ಹಗ್ಗ ಹೊಸೆಯುತ್ತಿದ್ದ. ಅದರ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಂದುಮಾಧವರಾಯರು ಕೂತಿದ್ದರು.

"ಸಡ್ಲ ಬಿಡಬ್ಯಾಡ್ರಿ ಸಾಹೇಬ್ರ," ಎಂದ ಮೈಲಾರಲಿಂಗ, "ಗಟ್ಟಿ ಹಿಡೀರಿ."