ಪಕ್ಕದ ಬಾಗಿಲು

ಡಾರ್ಕಸ್ ಮಂಡಿಯೂರಿ ಕೂತು ಅಂಗಡಿ ಪಕ್ಕದ ತಮ್ಮ ಮನೆಬಾಗಿಲಿನ ಮೆಟ್ಟಿಲಿಗೆ ಬಿಳಿಕಲ್ಲು ಉಜ್ಜುತ್ತಿದ್ದಳು. ಅರ್ಧ ಮೆಟ್ಟಿಲು ಬೆಳ್ಳಗಾಗಿತ್ತು, ಇನ್ನರ್ಧ ಒದ್ದೆಯಾಗಿ ಕಪ್ಪಗಿತ್ತು. ಅಷ್ಟರಲ್ಲಿ ಮಂಜಿನೊಳಗಿಂದ ಒಬ್ಬಳು ಬಂದು ಬಕೆಟ್ಟಿನ ಪಕ್ಕ ನಿಂತಳು. ಮಿಸ್ ಫೆಲ್ಗೇಟರ ಹೆಣ್ಣುಮಕ್ಕಳ ಶಾಲೆಯ ಕೆಲಸದವಳು.

"ನಮ್ಮಮ್ಮಾವ್ರು ಗುರುವಾರ ಬರಲ್ವಂತೆ."

ಡಾರ್ಕಸ್ ತಲೆಯೆತ್ತಿದಳು. "ಬರೋದೇ ಇಲ್ವಂತಾ?"

"ಇಲ್ಲ, ಇವತ್ತೇ ಬರ್ತಾರಂತೆ. ಹನ್ನೊಂದು ಗಂಟೆಗೆ." ಅವಳು ಮೂಗು ಮುದುಡಿಕೊಂಡು ಹಿತ್ತಲ ಕಡೆ ನೋಡಿದಳು. "ಇವತ್ತು ಕೊಬ್ಬು ಕರಗಿಸೋ ದಿನಾನಾ, ಟ್ರಾಂಟರಮ್ಮ?"

"ಗೊತ್ತಿದ್ದೂ ಕೇಳ್ತೀಯಲ್ಲ. ಹೋಗು, ದಾರಿ ಕಾಯ್ತಿರ್ತೀವಿ ಅಂತ ಹೇಳು."

ಶಾಲೆಗೆ ಸೇರಿಸಿಕೊಳ್ಳುವ ಮೊದಲು ಮಗಳನ್ನೂ ಮನೆಯನ್ನೂ ನೋಡಲು ಮಿಸ್ ಫೆಲ್ಗೇಟ್ ಬರುವ ಗುರುವಾರಕ್ಕೆಂದು ಅವಳು ಎಲ್ಲ ಯೋಚಿಸಿಟ್ಟಿದ್ದಳು. ಗುರುವಾರ ಹಿತ್ತಲಲ್ಲಿ ಒಲೆ ಹೊತ್ತಿಸುವುದಿಲ್ಲ, ಮನೆ ಅಷ್ಟೇನೂ ನಾರುವುದಿಲ್ಲ. ಈ ಹೆಂಗಸಿಗೆ ಇವತ್ತೇ ಬರಬೇಕೆಂದು ಹೊಳೆಯಬೇಕೆ?

ಮನೆ ಇದ್ದದ್ದು ಅಂಗಡಿಯ ಮೇಲೆ; ದನದ ಕೊಬ್ಬು ಕರಗಿಸಿ, ಮೇಣದಬತ್ತಿಯಂತೆ ಉರಿಸುವ ಬತ್ತಿ ಮಾಡಿ ಮಾರುವ ಅಂಗಡಿ. ಮರ್ಯಾದಸ್ಥರು ಮನೆಗೆ ಬರುವುದಾದರೆ ತೂಗುಹಾಕಿದ ಕೊಬ್ಬಿನ ಬತ್ತಿಗಳ ನಡುವೆ ತಲೆ ಬಗ್ಗಿಸಿ ಬರಲಾದೀತೆ ಎಂದು ಗಂಡನನ್ನು ಪೀಡಿಸಿ, ಗೋಡೆ ಒಡೆಸಿ, ಈ ಬಾಗಿಲು ಇಡಿಸಿದ್ದಳು. ಅಂದಿನಿಂದ ಒಬ್ಬರೂ ಈ ಮೆಟ್ಟಿಲು ಹತ್ತಿರಲಿಲ್ಲ. ಕಿರಿಯ ಪಾದ್ರಿಯ ಹೆಂಡತಿ ತೇಪೆ ಹಾಕಿದ ಕೈಗವಸು ತೊಟ್ಟು ಅಂಗಡಿಗೆ ಬಂದು ಬತ್ತಿ ಕೊಳ್ಳುತ್ತಿದ್ದಳು. ಆ ಪಾದ್ರಿಯ ಇಡೀ ವರ್ಷದ ಸಂಬಳವನ್ನು ಡಾರ್ಕಸಳ ಗಂಡ ಜೇಬೆಜ್ ನಾಲ್ಕು ತಿಂಗಳಲ್ಲಿ ದುಡಿಯುತ್ತಿದ್ದ. ಆದರೂ ಬೀದಿಯಲ್ಲಿ ಎದುರಾದರೆ ಮೊದಲು ತಲೆಬಾಗಬೇಕಾದವಳು ಡಾರ್ಕಸ್. ಪಾದ್ರಿಯ ಹೆಣ್ಣುಮಕ್ಕಳಿಬ್ಬರೂ ಮಿಸ್ ಫೆಲ್ಗೇಟರ ಶಾಲೆಯಲ್ಲಿದ್ದರು. ಧಾನ್ಯದ ಸಗಟು ವ್ಯಾಪಾರಿಯ ಮಗಳೂ ಇದ್ದಳು. ಚಿಲ್ಲರೆ ಅಂಗಡಿಯವರ ಮಗು ಮಾತ್ರ ಇದುವರೆಗೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಗಾಡಿಗಟ್ಟಲೆ ಮಾರಿದರೆ ಮರ್ಯಾದೆಯಂತೆ, ಕಟ್ಟು ಕಟ್ಟಾಗಿ ಮಾರಿದರೆ ಇಲ್ಲವಂತೆ. ಮಗಳು ಲೆಟ್ಟಿಗೆ ಈಗ ಒಂಬತ್ತು. ಈ ವರ್ಷ ಸೇರದಿದ್ದರೆ ಇನ್ನೆಂದು?

ಡಾರ್ಕಸ್ ಉಜ್ಜುವುದನ್ನು ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಓಡಿದಳು. ಜೇಬೆಜ್ ಹಂಡೆಯ ಮುಂದೆ ನಿಂತು ಉದ್ದನೆಯ ಸೌಟಿನಿಂದ ಕೊಬ್ಬು ತಿರುವುತ್ತಿದ್ದ.

"ರೀ, ಒಲೆ ಆರಿಸಿ. ಆ ಮಿಸ್ಸು ಇವತ್ತೇ ಬರ್ತಿದಾರೆ."

"ಈಗ ಆರಿಸಿದ್ರೆ ನಾಳೆ ಮತ್ತೆ ಕರಗಿಸ್ಬೇಕು ಕಣೇ. ಒಂದು ದಿನ ನಾರಿದ್ರೆ ಸಾಕಾ, ಎರಡು ದಿನ ನಾರ್ಬೇಕಾ?"

"ನಿಮ್ಮ ತಮಾಷೆಗಿಷ್ಟು ಬೆಂಕಿ ಹಾಕ. ಆಳಿಗೆ ಸೌಟು ಕೊಟ್ಟು ಬನ್ನಿ. ಮರಳು ಹಾಕಿ ಕೈ ಉಜ್ಜಿ, ಭಾನುವಾರದ ಕೋಟು ಹಾಕ್ಕೊಳ್ಳಿ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ಅವ್ರೇನಾದ್ರೂ ಮಾತಾಡ್ಸಿದ್ರೆ?"

"ಮಂಜು ಜಾಸ್ತಿ ಅನ್ನಿ."

ಲೆಟ್ಟಿಯನ್ನು ಮಹಡಿಗೆ ಎಳೆದುಕೊಂಡು ಹೋಗಿ ತಲೆ ಬಾಚಲು ಕೂತಳು. ಹುಡುಗಿಯ ಕೈಬೆರಳಿನ ಗೆಣ್ಣಿಗೆ ಜಿಡ್ಡು ಹತ್ತಿತ್ತು.

"ಮತ್ತೆ ಅಂಗಡಿ ಗಾಜು ತಟ್ಟಿದ್ಯಾ?"

"ಅಪ್ಪನೇ ಮೊದ್ಲು ತಟ್ಟಿದ್ದು."

ಅದು ಅಪ್ಪ ಮಗಳ ಆಟ. ಲೆಟ್ಟಿ ಹೊರಗೆ ಹಾದುಹೋದಾಗಲೆಲ್ಲ ಜೇಬೆಜ್ ಒಳಗಿಂದ ಗೆಣ್ಣಿನಲ್ಲಿ ಗಾಜು ತಟ್ಟುತ್ತಿದ್ದ, ಅವಳು ಹೊರಗಿಂದ ಅದೇ ಜಾಗದಲ್ಲಿ ತಟ್ಟುತ್ತಿದ್ದಳು. ದಿನಾ ಸಂಜೆ ಎರಡೂ ಕಡೆಯ ಕಲೆ ಒರೆಸುವ ಕೆಲಸ ಡಾರ್ಕಸಳದು.

"ಅಪ್ಪ ಏನು ಮಾಡ್ತಾರೆ ಅಂತ ಕೇಳಿದ್ರೆ ವ್ಯಾಪಾರದಲ್ಲಿದಾರೆ ಅನ್ಬೇಕು. ಅಷ್ಟೇ."

"ಅವ್ರೇ ನಮ್ಮಲ್ಲಿ ಬತ್ತಿ ತಗೊಳ್ತಾರಲ್ಲಮ್ಮ. ಗೊತ್ತಿರಲ್ವಾ?"

"ಗೊತ್ತಿರೋದು ಬೇರೆ, ಹೇಳೋದು ಬೇರೆ. ತಲೆ ಅಲ್ಲಾಡಿಸ್ಬೇಡ."

"ಅಮ್ಮಾ, ಮತ್ತೆ—"

"ಈಗ ಬೇಡ ಲೆಟ್ಟಿ."

ಮಿಸ್ ಫೆಲ್ಗೇಟ್ ಹನ್ನೊಂದಕ್ಕೆ ಸರಿಯಾಗಿ ಪಕ್ಕದ ಬಾಗಿಲು ಬಡಿದರು. ಮಹಡಿಯ ಕೋಣೆಯಲ್ಲಿ ಕೂತು, ಲ್ಯಾವೆಂಡರ್ ಹಾಕಿದ ಕರವಸ್ತ್ರವನ್ನು ಮೂಗಿನಿಂದ ತೆಗೆಯದೆಯೇ ಪಿಯಾನೋ ಇರಬೇಕಿದ್ದ ಬರಿ ಗೋಡೆಯನ್ನು ನೋಡಿದರು. ಮಂಜಿನಿಂದ ಒಳಗೆಲ್ಲ ಕತ್ತಲು. ಡಾರ್ಕಸ್ ಮೇಜಿನ ಮೇಲೆ ಎರಡು ಜೇನುಮೇಣದ ಬತ್ತಿ ಹಚ್ಚಿದ್ದಳು. ಊರಾಚೆಯ ಅಂಗಡಿಯಿಂದ ಗಂಡನಿಗೆ ಹೇಳದೆ ಅವನ್ನು ತಂದಿದ್ದಳು. ಕೊಬ್ಬಿನ ಬತ್ತಿಯ ಮನೆಯಲ್ಲಿ ಇವತ್ತೊಂದು ದಿನವಾದರೂ ಕೊಬ್ಬಿನ ಬತ್ತಿ ಉರಿಯಬಾರದು.

"ಮಂಜು ಜಾಸ್ತಿ," ಎಂದ ಜೇಬೆಜ್, ಅವರಿನ್ನೂ ಏನನ್ನೂ ಕೇಳುವ ಮೊದಲೇ.

"ಹೌದು," ಎಂದರು ಮಿಸ್ ಫೆಲ್ಗೇಟ್. "ಮಗು, ಫ್ರೆಂಚ್ ಸ್ವಲ್ಪವಾದರೂ ಬರುತ್ತದೆಯೇ?"

ಲೆಟ್ಟಿ ಬಾಯಿ ತೆರೆಯುವಷ್ಟರಲ್ಲಿ ಒಂದು ಬತ್ತಿ ಚಟಪಟ ಎಂದು ಹೊಗೆ ಕಾರಿತು. ಡಾರ್ಕಸ್ ಗಂಡನ ಕಡೆ ಕಣ್ಣು ಬಿಟ್ಟಳು. ಅವನು ತೊಡೆಯ ಮೇಲೆ ಕೈ ಕಟ್ಟಿ ಕೂತು ಅದನ್ನೇ ನೋಡುತ್ತಿದ್ದ. ಬತ್ತಿ ಮತ್ತೆ ಚಟಪಟ ಎಂದಿತು. ಜೇಬೆಜ್ ಎದ್ದ. ಬೆರಳು ನಾಲಿಗೆಗೆ ತಾಗಿಸಿ ಉರಿಯುವ ನೂಲಿನ ತುದಿಯನ್ನು ಚಿವುಟಿ ಹಾಕಿದ. ಬತ್ತಿಯನ್ನು ಕಿತ್ತು, ತಲೆಕೆಳಗು ಮಾಡಿ, ಮೂಸಿ ನೋಡಿದ.

"ಇದು ನಮ್ಮದಲ್ಲ. ಎಲ್ಲಿ ತಂದ್ಯೇ ಇದನ್ನ?"

"ರೀ."

"ಅಲ್ಲ ಮಾರಾಯ್ತಿ, ಮೇಣ ಅಂತ ಹೇಳಿ ಅರ್ಧ ಕೊಬ್ಬು ಸುರಿದಿದಾನೆ. ನಾನೇ ಮಾಡ್ಕೊಡ್ತಿರ್ಲಿಲ್ವಾ?" ಅವನು ಮಿಸ್ ಫೆಲ್ಗೇಟರ ಕಡೆ ತಿರುಗಿದ. ದನಿ ತಂತಾನೇ ಗಲ್ಲಾ ಹಿಂದಿನ ದನಿಯಾಯಿತು. "ನಿಮ್ಮ ಶಾಲೆಗೆ ಕಳಿಸೋದು ಇಂಥಾದ್ದಲ್ಲ ಅಮ್ಮಾವ್ರೇ. ಶನಿವಾರ ಮಾಮೂಲಿನಷ್ಟೇ ಕಳಿಸ್ಲಾ? ಬೇರೇನಾದ್ರೂ ಬೇಕಿತ್ತಾ?"

ಡಾರ್ಕಸಳಿಗೆ ಆ ಬತ್ತಿಯನ್ನು ಅವನ ತಲೆಯ ಮೇಲೇ ಹಚ್ಚಿಡಬೇಕೆನಿಸಿತು.

ಮಿಸ್ ಫೆಲ್ಗೇಟ್ ಕರವಸ್ತ್ರ ಮಡಿಸಿದರು. ದನಿಯಲ್ಲಿ ಕೋಪವಿರಲಿಲ್ಲ. "ಟ್ರಾಂಟರಮ್ಮ, ಮಗು ಚೂಟಿಯಾಗಿದ್ದಾಳೆ. ಸೇರಿಸಿಕೊಳ್ಳಬಾರದೆಂದು ನನಗೇನೂ ಇಲ್ಲ. ಆದರೆ ಉಳಿದ ತಾಯಂದಿರು ಇದ್ದಾರೆ ನೋಡಿ. ನಮ್ಮ ಹುಡುಗಿಯರು ದಿನಾ ಸಾಲಾಗಿ ಈ ಬೀದಿಯಲ್ಲೇ ವಾಯುವಿಹಾರಕ್ಕೆ ಹೋಗುತ್ತಾರೆ. ಆಗ ಇವಳು ಅಂಗಡಿಯ ಕಡೆ ತಿರುಗಬಾರದು. ಏಪ್ರನ್ ಕಟ್ಟಿ ನಿಂತವರ ಪರಿಚಯ ಇವಳಿಗೆ ಇರಬಾರದು. ಅಷ್ಟಾದರೆ ಸೋಮವಾರವೇ ಬರಲಿ."

"ಆಗ್ಲಿ," ಎಂದಳು ಡಾರ್ಕಸ್. ತೀರಾ ಬೇಗ ಎಂದುಬಿಟ್ಟಳು.

ಜೇಬೆಜ್ ಬತ್ತಿಯನ್ನು ಮತ್ತೆ ಅದರ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದ. ಆಕೆ ಹೋದ ಮೇಲೆ ಕೋಟು ಕಳಚಿ ಮೊಳೆಗೆ ಹಾಕಿ, ಏಪ್ರನ್ ಕಟ್ಟಿಕೊಂಡು ಕೆಳಗಿಳಿದ.

"ಫ್ರೆಂಚ್ ಕಲೀತಾಳಂತೆ ನಮ್ಮ ಲೆಟ್ಟಿ," ಎಂದ, ಮೆಟ್ಟಿಲಿನ ತಿರುವಿನಿಂದ. ಅವನಿಗೆ ಖುಷಿಯೋ ಏನೋ, ಡಾರ್ಕಸಳಿಗೆ ತಿಳಿಯಲಿಲ್ಲ.

ಅವಳು ಬಕೆಟ್ಟು ಹಿಡಿದು ಹೊರಗೆ ಬಂದಳು. ಬೆಳ್ಳಗಿದ್ದ ಅರ್ಧದ ಮೇಲೆ ಮಿಸ್ ಫೆಲ್ಗೇಟರ ಬೂಟಿನ ಗುರುತು, ಬಂದದ್ದೊಂದು, ಹೋದದ್ದೊಂದು. ಇಷ್ಟು ವರ್ಷಕ್ಕೆ ಬಂದ ಒಬ್ಬರೇ ಅತಿಥಿ, ಅದೂ ಬೆಳ್ಳಗೆ ಉಜ್ಜಿಟ್ಟ ಜಾಗದಲ್ಲೇ ಕಾಲಿಟ್ಟಿದ್ದರು. ಡಾರ್ಕಸ್ ಮಂಡಿಯೂರಿ ಮತ್ತೆ ಉಜ್ಜತೊಡಗಿದಳು.

ಲೆಟ್ಟಿ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಆಚೆ ಅಂಗಡಿಯ ಕಿಟಕಿಯಲ್ಲಿ ಜೇಬೆಜ್ ಯಾರಿಗೋ ಬತ್ತಿಯ ಕಟ್ಟು ಕಟ್ಟಿಕೊಡುತ್ತಿದ್ದ.

"ಅಮ್ಮಾ."

"ಈಗ ಬೇಡ ಅಂದ್ನಲ್ಲ."

ಲೆಟ್ಟಿ ತನ್ನ ಗೆಣ್ಣಿನ ಜಿಡ್ಡನ್ನು ಲಂಗಕ್ಕೆ ಒರೆಸಿಕೊಂಡಳು.

"ಅಮ್ಮಾ, ನಾನು ಸಾಲಲ್ಲಿ ಹೋಗ್ತಿರೋವಾಗ ಅಪ್ಪ ಗಾಜು ತಟ್ಟಿದ್ರೆ ಏನ್ ಮಾಡ್ಲಿ?"