ಕುಡಿದು ತೋರಿಸುವವಳು

"ಕುಡಿಯೇ ಮುಂಡೇದೇ, ಜನ ಕಾಯ್ತಾ ನಿಂತಿದಾರೆ!"

ಹೆಲ್ತ್ ಇನ್ಸ್‌ಪೆಕ್ಟರ್ ಔಷಧಿ ಕಲಸಿದ ನೀರಿನ ಮಗ್ಗು ಚಾಚಿದ. ಬೆನ್ನ ಮೇಲಿನ ಸೊಳ್ಳೆ ಔಷಧಿ ಡಬ್ಬ ಇಳಿಸದೆಯೇ ಅವಳು ಗಟಗಟ ಕುಡಿದಳು. ಬೆಳಗಿನಿಂದ ಇದು ಐದನೆಯ ಓಣಿ.

ಇನ್ಸ್‌ಪೆಕ್ಟರ್ ಜನರತ್ತ ತಿರುಗಿದ. "ನೋಡಿದ್ರಾ? ಹಳೇ ವಿಷಕ್ಕೆ ಸೊಳ್ಳೆ ಈಗ ಕ್ಯಾರೇ ಅನ್ನಲ್ಲ. ಇದು ಬ್ಯಾಕ್ಟೀರಿಯಾ ಪುಡಿ, ಜೊತೆಗೆ ಬೇವಿನ ಬೀಜದ ರಸ. ಸೊಳ್ಳೆಮರಿ ತಿಂದ್ರೆ ಸಾಯುತ್ತೆ, ಮನುಷ್ಯರಿಗೆ ಏನೂ ಆಗಲ್ಲ."

"ಅವಳಿಗೇನಾಗುತ್ತೆ, ಚರಂಡಿ ನೀರು ಕುಡಿದು ಬೆಳೆದೋಳು" ಎಂದರು ಯಾರೋ. ಜನ ನಕ್ಕರು. ಅವಳೂ ಹಲ್ಲು ಕಿರಿದಳು. ಕಿರಿದದ್ದಕ್ಕೆ ಆಮೇಲೆ ತನ್ನ ಮೇಲೇ ಅಸಹ್ಯವಾಯಿತು.

"ನೀವೂ ಒಂದ್ ಗುಟುಕು ಕುಡಿದ್ರೆ ಜನ ಬೇಗ ನಂಬ್ತಾರೆ ಸಾರ್."

"ನಂಗೆ ಗ್ಯಾಸ್ಟ್ರಿಕ್ ಕಣೇ. ನಡಿ ಮುಂದೆ."

ಆರನೆಯ ಓಣಿಗೆ ಬರುವಾಗ ಅವಳ ಕಾಲು ಹಿಂದೇಟು ಹಾಕಿತು. ಅಲ್ಲಿನ ಹಸಿರು ಗೇಟಿನ ಮನೆಗೇ ಅವಳು ತನ್ನ ಮಗಳನ್ನು ಕೊಟ್ಟದ್ದು. ಹುಡುಗಿಗೆ ತಾಯಿಯಿಲ್ಲ ಎಂದು ಓಣಿಯವರಿಗೆ ಹೇಳುವುದು, ಚರಂಡಿ ಕೆಲಸದವಳು ಈ ಕಡೆ ತಲೆ ಹಾಕಬಾರದು ಎಂದು ಮದುವೆ ಮಾತಿನಲ್ಲೇ ತೀರ್ಮಾನವಾಗಿತ್ತು. ಮಗಳ ಬಾಳು ನೆಟ್ಟಗಾದರೆ ಸಾಕೆಂದು ಅವಳೂ ಹೂಂ ಅಂದಿದ್ದಳು.

ಮಗಳೀಗ ಐದು ತಿಂಗಳ ಬಸುರಿ. ಎರಡು ಸಲ ಮಲೇರಿಯಾ ಬಂದುಹೋಗಿತ್ತು. ಇನ್ನೊಂದು ಸಲ ಬಂದರೆ ಹೊಟ್ಟೆಯಲ್ಲಿರುವುದು ಉಳಿಯುವುದು ಕಷ್ಟ ಎಂದು ಆಸ್ಪತ್ರೆಯ ಆಯಾ ಹೇಳಿದ್ದಳು.

ಮಗಳ ಅತ್ತೆ ಅಂಗಳದ ತೊಟ್ಟಿಯ ಮುಚ್ಚಳಕ್ಕೆ ಒರಗಿ ನಿಂತಿದ್ದಳು. "ಕುಡಿಯೋ ನೀರಿಗೆ ರೋಗಾಣು ಸುರೀತೀರಾ? ಆಗಲ್ಲ."

"ಕುಡಿಯೇ" ಎಂದ ಇನ್ಸ್‌ಪೆಕ್ಟರ್.

ಅವಳು ಕುಡಿದಳು. ಅತ್ತೆ ಎಂದೂ ನೋಡಿಲ್ಲದವಳಂತೆ ನೋಡಿದಳು. "ಇಂಥೋರು ಏನ್ ಕೊಟ್ರೂ ಕುಡೀತಾರೆ. ನಮ್ಮ ಮನೇಲಿ ಅದೆಲ್ಲ ನಡೆಯಲ್ಲ."

"ಹೋಗ್ಲಿ ಬಿಡಿ ತಾಯೀ" ಎಂದು ಇನ್ಸ್‌ಪೆಕ್ಟರ್ ಪಕ್ಕದ ಮನೆಯತ್ತ ತಿರುಗಿದ.

ಬಾಗಿಲಲ್ಲಿ ಮಗಳು ಹೊದಿಕೆ ಸುತ್ತಿಕೊಂಡು ನಿಂತಿದ್ದಳು. ತುಟಿ ಬಿಳಿಚಿತ್ತು. ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ ನೆಲ ನೋಡಿದಳು. ಅಮ್ಮನೂ ನೆಲ ನೋಡಿದಳು. ನಾಚಿಕೆ ಇಬ್ಬರಿಗೂ ಸರಿಸಮ ಹಂಚಿಹೋಗಿತ್ತು.

ಅವಳು ಗೇಟಿನವರೆಗೆ ಹೋದವಳು ತಿರುಗಿ ಬಂದಳು. ಅತ್ತೆಯನ್ನು ಭುಜದಿಂದ ಸರಿಸಿ, ಮುಚ್ಚಳ ಎತ್ತಿ ಬಿಸಾಕಿ, ತೊಟ್ಟಿಯಲ್ಲಿ ಮಗ್ಗು ಅದ್ದಿದಳು. ಮೇಲೆ ಬಂದ ನೀರಿನಲ್ಲಿ ಸೊಳ್ಳೆಮರಿಗಳು ಮಿಜಿಮಿಜಿ ಎನ್ನುತ್ತಿದ್ದವು. ಅದನ್ನು ಅತ್ತೆಯ ಬಾಯಿಗೆ ಹಿಡಿದಳು.

"ನಂದು ಕುಡಿದಾಯ್ತು. ನಿಮ್ದು ನೀವು ಕುಡೀರಿ, ಬೀಗಿತ್ತಿ."

ಬೀಗಿತ್ತಿ ಅಂದದ್ದೇ ತಡ, ಓಣಿಯ ಕಣ್ಣೆಲ್ಲ ಬಾಗಿಲಿನತ್ತ ತಿರುಗಿತು. ಮಗಳು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಅಮ್ಮ ಮಗ್ಗು ಇಳಿಸಲಿಲ್ಲ.