ಗೋಣಿತಟ್ಟಿನಿಂದ ಎದ್ದ ಮಾಸ್ತರರು

ಒಳ್ಳೆಯವರು ಕಂಡರೆ ಹಾರ ಹಾಕದೆ ನಮ್ಮ ಹುಮನಾಬಾದಿನವರಿಗೆ ತಿಂದ ರೊಟ್ಟಿ ಅರಗುವುದಿಲ್ಲ. ಆ ಚಟಕ್ಕೆ ಒಂದು ಶಾಲೆಯೇ ಕೆಟ್ಟಿತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು. ಲೆಕ್ಕ ಕಲಿಸುತ್ತಿದ್ದ ಸೈಫುದ್ದೀನ್ ಮಾಸ್ತರರಿಗೆ ಸಂತೆಯ ಕನ್ನಡ ನೀರು ಕುಡಿದಷ್ಟು ಸಲೀಸು, ಬರೆಯಲು ಮಾತ್ರ ಒಂದಕ್ಷರ ಬಾರದು. ತಲೆ ನರೆತ ಆ ಮನುಷ್ಯ ಪಾಟಿ ಹಿಡಿದು ಒಂದನೇ ಇಯತ್ತೆಗೆ ಹೋಗಿ, ಹುಡುಗರ ಹಿಂದೆ ಗೋಣಿತಟ್ಟಿನ ಮೇಲೆ ಕೂತರು.

ಪಾಠ ಹೇಳುತ್ತಿದ್ದ ಕೇಶರಬಾಯಿ ಹೊಸಬರು, ಗಾಬರಿಯಾದರು. "ಏಳ್ರಿ ಮಾಸ್ತರ್ರ, ಕುರ್ಚಿ ತರಸ್ತೀನಿ."

"ಕುರ್ಚಿ ಮ್ಯಾಲ ಕೂತ್ರ ಅಕ್ಷರ ಬರ್ತಾವೇನ್ರಿ ಅಕ್ಕೋರ? ನೀವು ಕಲಸ್ರಿ."

ಕನ್ನಡ ಬಂದ ಮೇಲೂ ಅವರು ತಟ್ಟು ಬಿಡಲಿಲ್ಲ. ಕೇಶರಬಾಯಿ ಕಥೆ ಹೇಳಿ ಕಲಿಸುವ ರೀತಿ ಅವರಿಗೆ ಹಿಡಿಸಿತ್ತು. ತಾವೂ ಲೆಕ್ಕಕ್ಕೊಂದು ಕಥೆ ಕಟ್ಟಿದರು. "ನನ್ನ ಪಾಠಕ್ಕೂ ಬಂದು ಕೂಡ್ರಿ, ತಪ್ಪಿದ್ರ ಹೇಳ್ರಿ" ಎಂದು ಕರೆದರು. ಹಿರಿಯರೇ ನೆಲಕ್ಕೆ ಕೂತ ಮೇಲೆ ಉಳಿದವರದೇನು ಜಂಬ? ಎಲ್ಲರೂ ಒಬ್ಬರ ಪಾಠಕ್ಕೆ ಒಬ್ಬರು ಹೋಗಿ ಕೂರತೊಡಗಿದರು. ದನ ಕಾಯಲು ಓಡುತ್ತಿದ್ದ ಹುಡುಗರೂ ಶಾಲೆಯಲ್ಲಿ ನಿಂತರು.

ಊರಿನ ಹಿರಿಯ ಗುಂಡಪ್ಪನಿಗೆ ಹಿಗ್ಗು ತಡೆಯಲಿಲ್ಲ. ಜನ ಕಟ್ಟಿಕೊಂಡು ಮೇಲಿನವರ ಬಳಿ ಹೋಗಿ, ಸೈಫುದ್ದೀನರನ್ನೇ ಹೆಡ್ ಮಾಸ್ತರ್ ಮಾಡಿಸಿ ಕೊರಳಿಗೆ ಹಾರ ಹಾಕಿದ.

"ನನ್ನ ತಟ್ಟಿನ ಮ್ಯಾಲೇ ಬಿಡ್ರೆಪಾ" ಎಂದು ಅವರು ಕೈಮುಗಿದರು. ಎಲ್ಲರೂ ಅದನ್ನು ವಿನಯವೆಂದು ಹೊಗಳಿದರು.

ಕುರ್ಚಿ ಸಿಕ್ಕ ವಾರ ಅವರು ಎಂದಿನಂತೆ ಒಂದನೇ ಇಯತ್ತೆಗೆ ಹೋಗಿ ಕೂತರು. ಕೇಶರಬಾಯಿಯ ಕಥೆಯಲ್ಲಿ ನರಿ ಬಾವಿಯ ತನಕ ಬಂದಿತ್ತು. ಇವರನ್ನು ಕಂಡದ್ದೇ ಕಥೆ ನಿಂತಿತು. ಆಕೆ ಪುಸ್ತಕ ತೆಗೆದು ಗಿಣಿಪಾಠ ಶುರುಮಾಡಿದರು.

"ಕಥಿ ಯಾಕ ನಿಲ್ಲಿಸಿದ್ರಿ ಅಕ್ಕೋರ?"

"ತಪಾಸಣೆಗೆ ಬಂದೀರೇನ್ರಿ ಸಾಹೇಬ್ರ?"

ಅವರು ಎದ್ದು ಬಂದರು. ಬೇರೆ ತರಗತಿಗಳಲ್ಲೂ ಅದೇ ಗತಿ. ತಪ್ಪು ಸಿಕ್ಕರೆ ಮೇಲಿನವರಿಗೆ ಬರೆದಾರೆಂದು ಮಾಸ್ತರರೆಲ್ಲ ಬಾಗಿಲು ಮುಂದೆ ಮಾಡಿಕೊಂಡರು. ಒಬ್ಬರ ಪಾಠಕ್ಕೆ ಒಬ್ಬರು ಹೋಗುವುದೂ ನಿಂತಿತು. ಕೇಶರಬಾಯಿ ಬಸವಕಲ್ಯಾಣಕ್ಕೆ ವರ್ಗ ಮಾಡಿಸಿಕೊಂಡು ಹೋದರು. ದನದ ಹುಡುಗರು ದನಗಳ ಹಿಂದೆ ಹೋದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೈಫುದ್ದೀನ್ ಮಾಸ್ತರರು ನಿವೃತ್ತರಾದ ದಿನ ಗುಂಡಪ್ಪ ಮತ್ತೆ ಹಾರ ತಂದ. ಕಲ್ಯಾಣದಿಂದ ಕೇಶರಬಾಯಿಯೂ ಬಂದಿದ್ದರು. ಅವರನ್ನು ಕಂಡು ಮಾಸ್ತರರ ಮುಖ ಅರಳಿತು. ಹಾರ ತೆಗೆದಿಟ್ಟು, ಕುರ್ಚಿ ಬಿಟ್ಟು, ಆಕೆಯ ಎದುರು ನೆಲಕ್ಕೆ ಕೂತರು.

"ಅಕ್ಕೋರ, ಇವತ್ತಿಗಿ ನನ್ನ ನೌಕರಿ ಮುಗೀತು. ಈಗರ ಹೇಳ್ರಿ, ಆ ನರಿ ಬಾವಿಗಿ ಬಂದು ಏನ್ ಮಾಡ್ತು?"

ಕೇಶರಬಾಯಿ ಗಡಬಡಿಸಿ ಎದ್ದು ನಿಂತರು.

"ಮರ್ತೀನ್ರಿ ಸಾಹೇಬ್ರ."